ಅಬೆ ಕೋಬೋ ಬರಿಯ ಮರಳಿನ ಕಾದಂಬರಿಕಾರರಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಯುದ್ಧೋತ್ತರ ಜಪಾನಿನ ಸಾಹಿತ್ಯವನ್ನು ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕವಾಬಾಟಾ, ಮಿಶಿಮಾ, ಒಯೆ ಇವರಿಗೆಲ್ಲ ಸಾಕಷ್ಟು ಜಾಗ ಕೊಟ್ಟಿರುವ ಲೇಖಕರು ಅಬೆ ಕೋಬೋ ಅವರನ್ನು ಮಾತ್ರ ಯುರೋಪಿನ ಕಾದಂಬರಿಕಾರ ಕಾಫ್ಕಾನಿಗೆ ಹೋಲಿಸಿ ಜಪಾನಿನ ಕಾಫ್ಕಾ ಎಂದು, ವೈದ್ಯವೃತ್ತಿ ಬಿಟ್ಟು ಬರವಣಿಗೆಗೆ ಬಂದವರೆಂದು, ಮರಳನ್ನು ಕುರಿತು ಒಂದು ಕಾದಂಬರಿ ಬರೆದು ಪ್ರಸಿದ್ಧರಾದವರೆಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಇದರಲ್ಲಿ ಮೊದಲನೆಯದು ಅರೆಸತ್ಯ, ಎರಡನೆಯದು ಸರಿಯಲ್ಲ, ಮೂರನೆಯದು ಆ ಮನುಷ್ಯನ ದುಡಿಮೆಯ ಅರ್ಧಪಾಲನ್ನೇ ಲೆಕ್ಕದಿಂದ ಬಿಟ್ಟಿದೆ. ಕವಿತೆಯಿಂದ ತೊಡಗಿ, ಕಾದಂಬರಿಯಿಂದ ಹೆಸರು ಪಡೆದು, ಕೊನೆಗೆ ಸ್ವಂತ ನಾಟಕ ತಂಡವನ್ನೇ ಕಟ್ಟಿದ ಅಬೆಯವರಲ್ಲಿ ನಾಟಕಕಾರ ಅಬೆಯೇ ನಮ್ಮ ಜಿಲ್ಲೆಯವರಿಗೆ ಹೆಚ್ಚು ಬೇಕಾದವರು ಎಂಬುದು ನನ್ನ ಅಭಿಪ್ರಾಯ. ಕವಿ, ಕಾದಂಬರಿಕಾರ, ನಾಟಕಕಾರ ಮೂರೂ ಒಬ್ಬರೇ ಆಗಬಹುದೆಂಬುದನ್ನು ಕಾರವಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಟಾಗೋರರು ತಮ್ಮ ಯೌವನದಲ್ಲಿ ಒಂದು ನಾಟಕ ಬರೆದದ್ದು ಇಲ್ಲಿಯೇ. ಪತ್ರ ಸ್ವಲ್ಪ ಉದ್ದವಾಗಿದೆ, ಕತ್ತರಿ ಹೇಗೂ ತಮ್ಮ ಕೈಯಲ್ಲಿದೆ.

ಅಬೆ ಹುಟ್ಟಿದ್ದು 1924ರ ಮಾರ್ಚ್ 7ರಂದು ಟೋಕಿಯೋದಲ್ಲಿ. ಮನೆತನದ ದಾಖಲೆಯಿದ್ದದ್ದು ಉತ್ತರದ ಹೊಕ್ಕೈಡೋ ದ್ವೀಪದಲ್ಲಿ. ಬೆಳೆದದ್ದು ಇವೆರಡೂ ಅಲ್ಲದ ಮಂಚೂರಿಯಾದ ಮುಕ್ದೆನ್ ನಗರದಲ್ಲಿ, ಅಂದರೆ ಈಗಿನ ಚೀನಾದ ಶೆನ್ಯಾಂಗ್‌ನಲ್ಲಿ. ತಂದೆ ಅಲ್ಲಿಯ ವೈದ್ಯ ವಿದ್ಯಾಲಯದಲ್ಲಿದ್ದರು. ಹುಟ್ಟಿದ ಊರು, ದಾಖಲೆಯ ಊರು, ಬೆಳೆದ ಊರು ಮೂರೂ ಬೇರೆಯಾದ್ದರಿಂದ ತಾನು ಊರಿಲ್ಲದವನು ಎಂದು ಅಬೆ ಮುಂದೆ ಹೇಳಿಕೊಳ್ಳುತ್ತಿದ್ದರು. ಸೂಪಾ ಅಣೆಕಟ್ಟೆಯ ನೀರಿನಡಿಗೆ ಹೋದ ಊರುಗಳಿಂದ ರಾಮನಗರಕ್ಕೆ ಬಂದು ನೆಲೆಸಿದ ಹಿರಿಯರನ್ನು ಮಾತನಾಡಿಸಿದವರಿಗೆ ಈ ಮಾತು ಪರಿಚಿತವೆನಿಸಬಹುದು, ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸಲ್ಲ. ನಮ್ಮವರು ಸರ್ಕಾರದ ಯೋಜನೆಗಾಗಿ ಮನೆಮಾರು ಬಿಟ್ಟವರು. ಅಬೆಯ ಕುಟುಂಬವೋ ಬೇರೆಯವರ ನೆಲವನ್ನು ಆಕ್ರಮಿಸಿದ ಸಾಮ್ರಾಜ್ಯದ ಕಡೆಯದು. ಜಪಾನ್ ಸೋತ ಕೂಡಲೇ ಆ ನೆಲದ ಮೇಲಿನ ಹಕ್ಕೂ ಮಾಯವಾಯಿತು. ತನ್ನದೆಂದು ನಂಬಿದ್ದ ಊರು ಮೊದಲಿನಿಂದಲೂ ತನ್ನದಾಗಿರಲಿಲ್ಲ ಎಂಬ ಅರಿವಿನೊಂದಿಗೆ ಬರೆಯಲು ಕುಳಿತ ಮನುಷ್ಯ ಊರಿನ ಮೇಲಿನ ವ್ಯಾಮೋಹವನ್ನು ಎಂದೂ ಪೂರ್ತಿ ನಂಬಲಿಲ್ಲ. ಅವರ ಬರವಣಿಗೆಯಲ್ಲಿ ತವರಿನ ಹಂಬಲ ಹುಡುಕಿದರೂ ಸಿಗದಿರುವುದು ಇದರಿಂದಲೇ ಎಂದು ನನಗೆ ತೋರುತ್ತದೆ.

ವೈದ್ಯವೃತ್ತಿಯ ವಿಷಯ. ತಂದೆಯ ಹಾದಿಯಲ್ಲಿ ಅಬೆ 1943ರಲ್ಲಿ ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದ ವೈದ್ಯ ವಿಭಾಗಕ್ಕೆ ಸೇರಿದರು. ಮರುವರ್ಷದ ಕೊನೆಗೆ ಯುದ್ಧ ಸೋಲುವ ಸುದ್ದಿ ಕಿವಿಗೆ ಬಿದ್ದಾಗ ಕ್ಷಯರೋಗವಿದೆಯೆಂಬ ಸುಳ್ಳು ಪ್ರಮಾಣಪತ್ರ ಮಾಡಿಕೊಂಡು ಮುಕ್ದೆನ್‌ಗೆ ಮರಳಿದರು. 1945ರಲ್ಲಿ ಅಲ್ಲಿ ಹಬ್ಬಿದ ಟೈಫಸ್ ಜ್ವರಕ್ಕೆ ತಂದೆ ಬಲಿಯಾದರು. 1946ರ ಕೊನೆಯಲ್ಲಿ ಹಡಗು ಹತ್ತಿ ಜಪಾನಿಗೆ ಬಂದ ಅಬೆ 1948ರಲ್ಲಿ ಪದವಿಯನ್ನೇನೋ ಪಡೆದರು, ಆದರೆ ವೈದ್ಯನಾಗಿ ಕೆಲಸ ಮಾಡಕೂಡದು ಎಂಬ ಷರತ್ತಿನ ಮೇಲೆ ಅವರನ್ನು ಪಾಸು ಮಾಡಲಾಯಿತು. ಹಿಡಿಯದ ವೃತ್ತಿಯನ್ನು ಬಿಡುವುದೆಲ್ಲಿ ಬಂತು? ಆ ದಿನಗಳಲ್ಲಿ ಅವರು ಬೀದಿಯಲ್ಲಿ ಉಪ್ಪಿನಕಾಯಿ, ಇದ್ದಿಲು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಮದುವೆಯಾದ ಮಾಚಿ ಚಿತ್ರ ಕಲಾವಿದೆ. ಮುಂದೆ ಗಂಡನ ಪುಸ್ತಕಗಳಿಗೆ ಚಿತ್ರ, ನಾಟಕಗಳಿಗೆ ರಂಗಸಜ್ಜಿಕೆ ಎರಡನ್ನೂ ಮಾಡಿದವರು ಆಕೆಯೇ.

ಅವರ ಮೊದಲ ಪುಸ್ತಕ ಕವನ ಸಂಕಲನ. 1947ರಲ್ಲಿ ಕೈಯಿಂದ ದುಡ್ಡು ಹಾಕಿ, ಸೈಕ್ಲೋಸ್ಟೈಲ್ ಮಾಡಿಸಿ ಹೊರತಂದ ಅದಕ್ಕೆ ಅವರು ಇಟ್ಟ ಹೆಸರು 'ಹೆಸರಿಲ್ಲದ ಕವಿತೆಗಳು' ಎಂಬರ್ಥದ್ದು. ಜರ್ಮನ್ ಭಾಷೆಯ ಕವಿ ರಿಲ್ಕೆಯ ನೆರಳು ದಟ್ಟವಾಗಿದ್ದ ಆ ಕವಿತೆಗಳಿಂದ ಅವರಿಗೆ ಕಾಸೂ ಹುಟ್ಟಲಿಲ್ಲ, ಹೆಸರೂ ಬರಲಿಲ್ಲ. ಆದರೂ ಹೆಸರೆಂಬುದು ಮನುಷ್ಯನಿಗೆ ಎಷ್ಟರಮಟ್ಟಿಗೆ ಅಂಟಿಕೊಂಡಿರುತ್ತದೆ ಎಂಬ ಅವರ ಜೀವಮಾನದ ಪ್ರಶ್ನೆ ಅಲ್ಲಿಯೇ ಮೊಳೆತದ್ದನ್ನು ಗಮನಿಸಬೇಕು. 1951ರಲ್ಲಿ ಜಪಾನಿನ ಪ್ರತಿಷ್ಠಿತ ಸಾಹಿತ್ಯ ಪ್ರಶಸ್ತಿಯಾದ ಅಕುತಗಾವಾ ಪ್ರಶಸ್ತಿ ತಂದುಕೊಟ್ಟ ಕಥೆಯಲ್ಲಿ ಎಸ್. ಕರ್ಮ ಎಂಬವನು ಒಂದು ಬೆಳಿಗ್ಗೆ ಏಳುತ್ತಾನೆ, ತನ್ನ ಹೆಸರೇ ನೆನಪಿಲ್ಲ. ಕಚೇರಿಗೆ ಹೋಗಿ ನೋಡಿದರೆ ಅವನ ವಿಸಿಟಿಂಗ್ ಕಾರ್ಡು ಅವನ ಕುರ್ಚಿಯಲ್ಲಿ ಕುಳಿತು ಅವನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ. ಇಲ್ಲಿ ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ' ನೆನಪಾಗದಿರದು. ಒಬ್ಬರು ವೈದ್ಯಕೀಯ ಓದಿದವರು, ಇನ್ನೊಬ್ಬರು ರಸಾಯನದ ಉದ್ಯಮದಲ್ಲಿ ದುಡಿದವರು. ಕಂಪನಿಯೆಂಬುದು ಮನುಷ್ಯನನ್ನು ಕಾಗದದ ಮೇಲಿನ ಆಸಾಮಿಯನ್ನಾಗಿ ಮಾಡುವ ಬಗೆ ಇಬ್ಬರಿಗೂ ಒಳಗಿನಿಂದ ಗೊತ್ತು. ಚಿತ್ತಾಲರ ನಾಗಪ್ಪನಿಗೆ ಮುಂಬಯಿಯಲ್ಲಿ ಏನೇ ಆದರೂ ಹಿಂದಕ್ಕೆ ಹಾಯಲು ಒಂದು ಕರಾವಳಿಯ ಬಾಲ್ಯವಿದೆ, ಅಬೆಯ ನಾಯಕರಿಗೆ ಆ ಆಸರೆಯೂ ಇಲ್ಲ.

ಕಾಫ್ಕಾನ ಮಾತು ಬಂದದ್ದರಿಂದ ಒಂದು ವ್ಯತ್ಯಾಸ ಹೇಳಿ ಮುಂದೆ ಹೋಗುತ್ತೇನೆ. ಕಾಫ್ಕಾನ ಮನುಷ್ಯ ತನ್ನ ಮೇಲಿನ ಆರೋಪ ಯಾವುದೆಂದು ತಿಳಿಯದೆ ತೊಳಲುತ್ತಾನೆ. ಅಬೆಯ ಮನುಷ್ಯ ಸಿಕ್ಕಿಬಿದ್ದ ಕೂಡಲೇ ಅಳತೆ ತೆಗೆಯಲು, ಲೆಕ್ಕ ಹಾಕಲು, ಪ್ರಯೋಗ ಮಾಡಲು ಶುರುಮಾಡುತ್ತಾನೆ. ಬಾಲ್ಯದಲ್ಲಿ ಹುಳಹುಪ್ಪಟೆ ಹಿಡಿದು ಸಂಗ್ರಹಿಸುತ್ತಿದ್ದ, ಗಣಿತದಲ್ಲಿ ಮುಂದಿದ್ದ ಹುಡುಗ ಬರೆದ ಕಥೆಗಳೆಂಬುದು ಪುಟಪುಟಕ್ಕೂ ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನ್ನಂಥವನಿಗೆ ಅವರು ಹಿಡಿಸುವುದಕ್ಕೆ ಇದೂ ಕಾರಣವಿರಬಹುದು.

ಇನ್ನು ಆ ಕಾದಂಬರಿ, 1962ರ 'ಸುನಾ ನೊ ಒನ್ನಾ', ಅಂದರೆ 'ಮರಳಿನ ಹೆಂಗಸು'. ಒಂದೇ ಕಾದಂಬರಿಯೆಂದು ತಳ್ಳಿಹಾಕುವುದನ್ನು ನಾನು ವಿರೋಧಿಸುತ್ತಿದ್ದೇನೆ ನಿಜ, ಆದರೂ ಇದನ್ನು ಬಿಟ್ಟು ಮುಂದೆ ಹೋಗುವ ಧೈರ್ಯ ನನಗಿಲ್ಲ. ನಿಕಿ ಜುಂಪೆಯಿ ಎಂಬ ಶಾಲಾ ಮಾಸ್ತರ ಮರಳಿನಲ್ಲಿ ಬದುಕುವ ಒಂದು ಜಾತಿಯ ಜೀರುಂಡೆಯನ್ನು ಹುಡುಕಿಕೊಂಡು ಕಡಲಂಚಿನ ಹಳ್ಳಿಗೆ ಹೋಗುತ್ತಾನೆ. ರಾತ್ರಿ ತಂಗಲು ಹಳ್ಳಿಯವರು ಮರಳಿನ ಆಳವಾದ ಗುಂಡಿಯ ತಳದಲ್ಲಿರುವ ಒಂಟಿ ಹೆಂಗಸಿನ ಮನೆಗೆ ಹಗ್ಗದ ಏಣಿಯಲ್ಲಿ ಇಳಿಸುತ್ತಾರೆ. ಬೆಳಗಾದಾಗ ಏಣಿ ಇಲ್ಲ. ರಾತ್ರಿಯಿಡೀ ಮರಳು ತೋಡಿ ಮೇಲೆ ಕಳಿಸಿದರೆ ಮಾತ್ರ ಮೇಲಿನಿಂದ ಕುಡಿಯುವ ನೀರು ಇಳಿಯುತ್ತದೆ, ತೋಡುವುದು ನಿಲ್ಲಿಸಿದರೆ ಮನೆಯೇ ಹೂತುಹೋಗುತ್ತದೆ. ಮರಳಿನ ಕಣದ ಗಾತ್ರ ಎಂಟನೆಯ ಒಂದು ಮಿಲಿಮೀಟರ್ ಎಂದು ಮಾಸ್ತರನಿಗೆ ಬಾಯಿಪಾಠ. ಹೆಂಗಸಿಗೆ ಆ ಲೆಕ್ಕ ಗೊತ್ತಿಲ್ಲ, ಅವನು ಉಣ್ಣಲು ಕುಳಿತಾಗ ಸೂರಿನಿಂದ ಉದುರುವ ಮರಳು ತಟ್ಟೆಗೆ ಬೀಳದಂತೆ ಮೇಲೆ ಕೊಡೆ ಹಿಡಿಯುವುದು ಗೊತ್ತು. ಮರಳು ಮರಮಟ್ಟನ್ನು ಕೊಳೆಸುತ್ತದೆ ಎಂದು ಆಕೆ ಹೇಳುತ್ತಾಳೆ, ಒಣಗಿದ ಮರಳಿನಿಂದ ಕೊಳೆಯುವುದು ಹೇಗೆ ಸಾಧ್ಯವೆಂದು ಅವನು ವಾದಿಸುತ್ತಾನೆ. ಕಾದಂಬರಿಯ ಕೊನೆಯ ಭಾಗದಲ್ಲಿ, ಕಾಗೆ ಹಿಡಿದು ಅದರ ಕಾಲಿಗೆ ಚೀಟಿ ಕಟ್ಟಿ ಕಳಿಸಬೇಕೆಂದು ಅವನು ಹೂತಿಟ್ಟ ಪೀಪಾಯಿಯಲ್ಲಿ ಕಾಗೆಯ ಬದಲು ತಿಳಿನೀರು ನಿಂತಿರುತ್ತದೆ. ಮರಳು ತಳದ ತೇವವನ್ನು ಲೋಮನಾಳದ ಸೆಳೆತದಿಂದ, ಅಂದರೆ ಕಣಗಳ ನಡುವಿನ ಸಣ್ಣ ಸಂದುಗಳ ಮೂಲಕ, ಮೇಲಕ್ಕೆ ಎಳೆಯುತ್ತಿದೆ ಎಂಬುದು ಆಗ ಅವನ ತಲೆಗೆ ಹೊಳೆಯುತ್ತದೆ. ಆಕೆ ಮೊದಲ ರಾತ್ರಿಯೇ ಹೇಳಿದ್ದು ಅದನ್ನೇ. ಏಣಿ ಕೈಗೆ ಸಿಕ್ಕ ಮೇಲೂ ಅವನು ಓಡಿಹೋಗುವುದಿಲ್ಲ, ನೀರಿನ ಈ ಉಪಾಯವನ್ನು ಹಳ್ಳಿಯವರಿಗೆ ಹೇಳಬೇಕೆಂಬ ಆಸೆ ಅವನನ್ನು ಹಿಡಿದಿಡುತ್ತದೆ. ಏಳು ವರ್ಷಗಳ ಬಳಿಕ ನ್ಯಾಯಾಲಯ ಅವನನ್ನು ಕಾಣೆಯಾದವನೆಂದು ಘೋಷಿಸುತ್ತದೆ. ವಿಮರ್ಶಕರು ಇದನ್ನು ಒಂಟಿತನದ ಕಾದಂಬರಿ ಎನ್ನುತ್ತಾರೆ. ನನಗೆ ಇದು ಕೆಲಸವನ್ನು ಕುರಿತ ಕಾದಂಬರಿಯಾಗಿ ಕಾಣುತ್ತದೆ. ಮನುಷ್ಯನನ್ನು ಒಂದು ಜಾಗಕ್ಕೆ ಕಟ್ಟಿಹಾಕುವುದು ಗೋಡೆಗಿಂತ ಹೆಚ್ಚಾಗಿ ಕೈಗೆ ಹತ್ತಿದ ಕೆಲಸ ಎಂಬುದನ್ನು ಇಷ್ಟು ನಿಷ್ಠುರವಾಗಿ ಬೇರೆ ಯಾರೂ ಬರೆದದ್ದನ್ನು ನಾನು ಓದಿಲ್ಲ.

ಈ ಕಾದಂಬರಿಯ ಇನ್ನೊಂದು ಎಳೆಯನ್ನು ದೂರದ ನಗರಗಳ ಓದುಗರು ಅಷ್ಟಾಗಿ ಲೆಕ್ಕಕ್ಕೆ ಹಿಡಿದಂತಿಲ್ಲ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ದಡದವರಾದ ನಾವು ಅದನ್ನು ದಾಟಿ ಹೋಗಲಾರೆವು. ರಾತ್ರಿಯಿಡೀ ತೋಡಿ ಮೇಲೆ ಕಳಿಸಿದ ಮರಳು ಏನಾಗುತ್ತದೆ? ಹಳ್ಳಿಯವರು ಅದನ್ನು ಕಟ್ಟಡದ ಕೆಲಸಕ್ಕೆ ಕಡಿಮೆ ದರದಲ್ಲಿ ಕದ್ದು ಮಾರುತ್ತಾರೆ. ಉಪ್ಪುಮಿಶ್ರಿತ ಮರಳಿನಿಂದ ಕಟ್ಟಿದ ಅಣೆಕಟ್ಟು, ಕಟ್ಟಡಗಳ ಗತಿಯೇನು ಎಂದು ಮಾಸ್ತರ ಕೂಗಾಡಿದಾಗ, ಬೇರೆಯವರಿಗೆ ಏನಾದರೆ ನಮಗೇನು ಎಂಬ ಅರ್ಥದ ಉತ್ತರ ಆ ಮೆದು ಮಾತಿನ ಹೆಂಗಸಿನ ಬಾಯಿಂದ ಬರುತ್ತದೆ. ಉಪ್ಪು ರೇತಿ ಹಾಕಿದರೆ ಸ್ಲ್ಯಾಬಿನೊಳಗಿನ ಸರಳಿಗೆ ತುಕ್ಕು ಹಿಡಿದು ಕಾಂಕ್ರೀಟು ಬಿರಿಯುತ್ತದೆ ಎಂಬುದು ನಮ್ಮ ಕಡೆಯ ಯಾವ ಗೌಂಡಿಗೂ ಗೊತ್ತು. ಹೊಳೆಯ ಉಬ್ಬರದಲ್ಲಿ ಕುತ್ತಿಗೆಮಟ್ಟ ಮುಳುಗಿ, ಬಕೆಟ್ಟಿನಲ್ಲಿ ರೇತಿ ತುಂಬಿ ದೋಣಿಗೆ ಸುರಿಯುವವನ ಪಾಲಿಗೆ ಬರುವ ಕೂಲಿಯೆಷ್ಟು, ದಡದಲ್ಲಿ ಲಾರಿ ನಿಲ್ಲಿಸಿಕೊಂಡವನ ಪಾಲಿಗೆ ಹೋಗುವುದೆಷ್ಟು ಎಂಬುದೂ ಗುಟ್ಟೇನಲ್ಲ. ಅಬೆ ಅಲ್ಲಿ ಯಾರನ್ನೂ ಖಳನನ್ನಾಗಿ ಮಾಡದೆ, ಸರ್ಕಾರ ಕೈಬಿಟ್ಟ ಹಳ್ಳಿಯೊಂದು ತಾನು ಉಳಿಯಲು ಮಾಡಿಕೊಂಡ ಏರ್ಪಾಡು ಇದು ಎಂದು ತೋರಿಸಿ ಸುಮ್ಮನಾಗುತ್ತಾರೆ. ಮರಳುಗಾರಿಕೆಯ ಬಗ್ಗೆ ನಮ್ಮಲ್ಲಿ ನಡೆಯುವ ಭಾಷಣಗಳಿಗಿಂತ ಆ ಸಂಭಾಷಣೆ ಹೆಚ್ಚು ಪ್ರಾಮಾಣಿಕವಾಗಿದೆ.

ಇದೇ ಕಾದಂಬರಿಯನ್ನು ತೆಶಿಗಹರಾ ಹಿರೋಶಿ ಚಲನಚಿತ್ರವಾಗಿಸಿದಾಗ ಚಿತ್ರಕಥೆ ಬರೆದವರೂ ಅಬೆಯವರೇ, ಸಂಗೀತ ತಕೆಮಿತ್ಸು ತೋರು ಅವರದು. ಅದಕ್ಕೆ 1964ರ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಈ ಮೂವರೂ ಸೇರಿ 1962ರಿಂದ 1968ರವರೆಗೆ ಒಟ್ಟು ನಾಲ್ಕು ಚಿತ್ರಗಳನ್ನು ಮಾಡಿದರು. ರಾಜಕೀಯದ ವಿಷಯವನ್ನೂ ಚಿಕ್ಕದಾಗಿ ಹೇಳಿಬಿಡುವೆ. 1950ರ ದಶಕದ ಆರಂಭದಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿ ಕಾರ್ಖಾನೆಯ ಕೆಲಸಗಾರರ ನಡುವೆ ಓಡಾಡಿದ ಅಬೆ, ಪೂರ್ವ ಯುರೋಪನ್ನು ಕಣ್ಣಾರೆ ಕಂಡು ಬಂದ ಮೇಲೆ ಪಕ್ಷದೊಂದಿಗೆ ಹೊಂದಿಕೊಳ್ಳಲಾಗದೆ 1962ರಲ್ಲಿ ಉಚ್ಚಾಟನೆಗೊಂಡರು. 1967ರಲ್ಲಿ ಚೀನಾದ ಸಾಂಸ್ಕೃತಿಕ ಕ್ರಾಂತಿಯನ್ನು ಪ್ರತಿಭಟಿಸಿ ಹೊರಟ ಹೇಳಿಕೆಗೆ ಕವಾಬಾಟಾ, ಮಿಶಿಮಾ, ಇಶಿಕಾವಾ ಜುನ್ ಅವರೊಂದಿಗೆ ಸಹಿ ಹಾಕಿದರು. ಬಲಪಂಥದ ಮಿಶಿಮಾ ಮತ್ತು ಎಡಪಂಥದಿಂದ ಬಂದ ಅಬೆ ಒಂದೇ ಕಾಗದದ ಮೇಲೆ ಸಹಿ ಮಾಡಿದ್ದನ್ನು, ನಾಟಕಕಾರರಾಗಿ ಅವರಿಬ್ಬರ ನಡುವೆ ಪರಸ್ಪರ ಗೌರವವಿದ್ದದ್ದನ್ನು ಇಂದಿನ ನಮ್ಮ ಸಾಹಿತ್ಯ ವಲಯದ ಗುಂಪುಗಾರಿಕೆಯ ನಡುವೆ ಓದಿದರೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಈಗ ನಾಟಕಕ್ಕೆ ಬರುತ್ತೇನೆ. 1950ರ ದಶಕದ ನಡುವಿನಿಂದಲೇ ಅಬೆ ನಾಟಕ ಬರೆಯುತ್ತಿದ್ದರು. ಮೊದಲ ಕೆಲವು ನಾಟಕಗಳಲ್ಲಿ ಪಕ್ಷದ ವಾಸನೆ ತುಸು ಜಾಸ್ತಿಯೆಂದೇ ನನ್ನ ಅನಿಸಿಕೆ. 1958ರಲ್ಲಿ ಹೈಯೂಜಾ ತಂಡಕ್ಕಾಗಿ ಸೆಂದಾ ಕೊರೆಯಾ ನಿರ್ದೇಶಿಸಿದ 'ಭೂತ ಇಲ್ಲಿದೆ' ಎಂಬ ನಾಟಕದಿಂದ ಅವರ ಕೈ ಕುದುರಿತು, ಕಿಶಿದಾ ನಾಟಕ ಪ್ರಶಸ್ತಿಯೂ ಬಂತು. ಯುದ್ಧದಿಂದ ಮರಳಿದ ಸೈನಿಕನೊಬ್ಬನ ಬೆನ್ನಿಗೆ ಸತ್ತ ಸಂಗಾತಿಯ ಭೂತ ಬಿದ್ದಿದೆ, ಅದು ಅವನಿಗೆ ಮಾತ್ರ ಕಾಣುತ್ತದೆ. ಇವನ ಜೊತೆ ಸೇರಿದ ವಂಚಕನೊಬ್ಬ ಊರಿನಲ್ಲಿ ಸತ್ತವರ ಫೋಟೋಗಳನ್ನು ಒಳ್ಳೆಯ ದರಕ್ಕೆ ಕೊಳ್ಳುವುದಾಗಿ ಬೋರ್ಡು ಹಾಕುತ್ತಾನೆ. ಊರಿಗೆ ಊರೇ ಗೋಡೆಯ ಮೇಲಿನ ಅಪ್ಪ ಅಜ್ಜಂದಿರ ಫೋಟೋ ಇಳಿಸಿ ತಂದು ಮಾರುತ್ತದೆ, ಮುಂದೆ ಭೂತದ ಹೆಸರಿನಲ್ಲಿ ಕಂಪನಿಯೇ ಏಳುತ್ತದೆ, ಊರಿನ ಗಣ್ಯರೆಲ್ಲ ಅದರಲ್ಲಿ ಪಾಲು ಕೇಳುತ್ತಾರೆ. ಭೂತವನ್ನು ರಂಗದ ಮೇಲೆ ತೋರಿಸುವುದೇ ಇಲ್ಲ, ಖಾಲಿ ಜಾಗಕ್ಕೆ ನಟ ಮಾತನಾಡುತ್ತಾನೆ, ಉಳಿದವರು ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತಾರೆ. ಏನೂ ಇಲ್ಲದ ರಂಗದ ಮೇಲೆ ಒಂದು ಸುತ್ತು ಹಾಕಿ ಕಾಡು ದಾಟಿದ್ದನ್ನು ನಂಬಿಸುವ ಯಕ್ಷಗಾನ ನೋಡಿ ಬೆಳೆದ ನಮ್ಮ ಪ್ರೇಕ್ಷಕರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

1967ರ 'ತೊಮೊದಾಚಿ', ಅಂದರೆ 'ಗೆಳೆಯರು', ಇನ್ನೂ ಹರಿತವಾದದ್ದು. ಅದಕ್ಕೆ ತನಿಜಾಕಿ ಪ್ರಶಸ್ತಿ ಬಂದಿದೆ. ಒಬ್ಬಂಟಿಯಾಗಿರುವ ಕಂಪನಿ ನೌಕರನ ಬಾಡಿಗೆ ಮನೆಗೆ ಒಂದು ರಾತ್ರಿ ಅಜ್ಜಿ, ಅಪ್ಪ, ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಹೀಗೆ ಇಡೀ ಸಂಸಾರ ನಗುನಗುತ್ತ ಒಳನುಗ್ಗುತ್ತದೆ. ನಿನ್ನ ಒಂಟಿತನ ಹೋಗಲಾಡಿಸಲು ಬಂದಿದ್ದೇವೆ ಎನ್ನುತ್ತಾರೆ. ಅವನು ಪೊಲೀಸರನ್ನು ಕರೆಸುತ್ತಾನೆ. ಬಂದ ಪೊಲೀಸರಿಗೆ ಕಾಣುವುದು ಸಭ್ಯ ಕುಟುಂಬ ಮತ್ತು ಸಿಡುಕುತ್ತಿರುವ ಒಬ್ಬ ಯುವಕ. ಬಾಗಿಲು ಮುರಿದಿಲ್ಲ, ಯಾರಿಗೂ ಗಾಯವಾಗಿಲ್ಲ, ಅವರು ಹೊರಟುಹೋಗುತ್ತಾರೆ. ಆ ಮೇಲೆ ಎಲ್ಲವೂ ಬಹುಮತದಿಂದ ತೀರ್ಮಾನವಾಗುತ್ತದೆ, ಅವನದು ಸದಾ ಒಂದೇ ವೋಟು. ಸಂಬಳ ಅವರ ಕೈಸೇರುತ್ತದೆ, ಮದುವೆ ಗೊತ್ತಾಗಿದ್ದ ಹುಡುಗಿ ದೂರವಾಗುತ್ತಾಳೆ, ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಅವನನ್ನು ಪಂಜರಕ್ಕೆ ಹಾಕುತ್ತಾರೆ, ಕೊನೆಗೆ ಅವನ ಮೇಲೆ ನಿಜವಾಗಿ ಮಮತೆಯಿದ್ದ ನಡುವಿನ ಮಗಳು ಕೊಟ್ಟ ಹಾಲು ಕುಡಿದು ಸಾಯುತ್ತಾನೆ. ಉಳಿದವರು ಇನ್ನೊಂದು ಮನೆ ಹುಡುಕಿಕೊಂಡು ಹೊರಡುತ್ತಾರೆ. ಮಹಾನಗರದ ಒಂಟಿತನದ ನಾಟಕವೆಂದು ಇದನ್ನು ಬೆಂಗಳೂರಿನವರು ಆಡಬಹುದು, ಆದರೆ ಇದರ ನಿಜವಾದ ಕಚಗುಳಿ ಮತ್ತು ಭಯ ಶಿರಸಿ, ಕುಮಟಾದಂಥ ಊರುಗಳಲ್ಲಿದೆ. ವರ್ಗವಾಗಿ ಬಂದ ಬ್ಯಾಂಕಿನ ನೌಕರನೋ ಲೆಕ್ಚರರೋ ಒಬ್ಬನೇ ಬಾಡಿಗೆಗಿದ್ದಾನೆ ಎಂದರೆ ಅವನ ಊಟ, ಜಾತಕ, ಮದುವೆ ಎಲ್ಲದರ ಚಿಂತೆಯನ್ನು ಕೇರಿಗೆ ಕೇರಿಯೇ ಹೊತ್ತುಕೊಳ್ಳುವುದು ನಮ್ಮಲ್ಲಿ ಈಗಲೂ ಇದೆ. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಆ ಅಕ್ಕರೆಯಿಂದ ಬದುಕಿದವರಲ್ಲಿ ನಾನೂ ಒಬ್ಬ. ಅಕ್ಕರೆ ಎಲ್ಲಿಗೆ ಮುಗಿದು ಯಜಮಾನಿಕೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಮ್ಮ ರಂಗಭೂಮಿ ಇಷ್ಟು ಹತ್ತಿರದಿಂದ ಕೇಳಿದ್ದು ಕಡಿಮೆ.

1969ರಲ್ಲಿ 'ಕೋಲಾಗಿ ಹೋದ ಮನುಷ್ಯ' ಎಂಬ ನಾಟಕವನ್ನು ತಾವೇ ನಿರ್ದೇಶಿಸಿದ ಅಬೆ, 1973ರಲ್ಲಿ ಅಬೆ ಕೋಬೋ ಸ್ಟುಡಿಯೋ ಎಂಬ ಸ್ವಂತ ತಂಡ ಕಟ್ಟಿದರು. ನಟರಿಗೆ ಮಾತಿಗಿಂತ ಮೊದಲು ಮೈಯ ತರಬೇತಿ ಕೊಟ್ಟು, ಸಿಂಥಸೈಜರ್ ಇಟ್ಟುಕೊಂಡು ಸಂಗೀತವನ್ನೂ ತಾವೇ ಮಾಡಿ, ಬರಬರುತ್ತ ಮಾತೇ ಕರಗಿಹೋಗುವಂಥ ನಾಟಕಗಳನ್ನು ಆಡಿಸಿದರು. 1979ರಲ್ಲಿ ಈ ತಂಡ 'ಮರಿಯಾನೆ ಸತ್ತಿತು' ಎಂಬ ಪ್ರಯೋಗವನ್ನು ಅಮೆರಿಕಕ್ಕೂ ಕೊಂಡೊಯ್ದಿತು. 1980ರ ದಶಕದ ಆರಂಭದಲ್ಲಿ ಆರೋಗ್ಯ ಕೆಟ್ಟು ತಂಡ ನಿಂತಿತು. ಕಾದಂಬರಿಕಾರನೊಬ್ಬ ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಜಗತ್ತಿನ ಹತ್ತಾರು ಭಾಷೆಗಳಲ್ಲಿ ತನ್ನ ಪುಸ್ತಕ ಓದುತ್ತಿರುವಾಗ, ಬರೆಯುವ ಮೇಜು ಬಿಟ್ಟು ಎಳೆಯ ನಟರೊಂದಿಗೆ ತಾಲೀಮಿನ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದ ಎಂಬುದು ಪುರವಣಿಯ ಲೇಖನದಲ್ಲಿ ಒಂದು ಸಾಲಿಗಾದರೂ ಅರ್ಹವಾಗಿತ್ತು.

ನಂತರದ ಕಾದಂಬರಿಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 1973ರ 'ಪೆಟ್ಟಿಗೆಯ ಮನುಷ್ಯ'ನವರೆಗೆ ಜಿಗುಟಾಗಿದ್ದ ಕಟ್ಟು ಆಮೇಲೆ ಸಡಿಲವಾಯಿತು, ಆಸ್ಪತ್ರೆ, ಸುರಂಗ, ಗಾಲಿಯ ಮಂಚಗಳ ನಡುವೆ ಓದುಗನಿಗೆ ಆಯಾಸವಾಗುತ್ತದೆ. ಆದರೆ 1959ರಷ್ಟು ಹಿಂದೆಯೇ ಪುಸ್ತಕವಾದ ಅವರ ವೈಜ್ಞಾನಿಕ ಕಾದಂಬರಿಯೊಂದು, ಭವಿಷ್ಯ ಹೇಳುವ ಕಂಪ್ಯೂಟರು, ಏರುತ್ತಿರುವ ಕಡಲು, ನೀರಿನಡಿ ಬದುಕಲು ತಯಾರಿಸಿದ ಮನುಷ್ಯ ತಳಿ ಇವನ್ನೆಲ್ಲ ಕಲ್ಪಿಸಿದ್ದನ್ನು ಪ್ರತಿ ಮಳೆಗಾಲದಲ್ಲಿ ಕಡಲ್ಕೊರೆತದ ಸುದ್ದಿ ಓದುವ ನಾವು ಒಮ್ಮೆ ತೆರೆದು ನೋಡಬೇಕು. ಯಂತ್ರಗಳ ಮೇಲಿನ ಮೋಹ ಅವರಿಗೆ ಕೊನೆಯವರೆಗೂ ಇತ್ತು. 1984ರ ಕಾದಂಬರಿಯನ್ನು ವರ್ಡ್ ಪ್ರೊಸೆಸರ್‌ನಲ್ಲಿ ಬರೆದರು, ಹಿಮದಲ್ಲಿ ಓಡುವ ಕಾರಿನ ಚಕ್ರಕ್ಕೆ ಸುಲಭವಾಗಿ ತೊಡಿಸಬಹುದಾದ ಸರಪಳಿಯೊಂದನ್ನು ಕಂಡುಹಿಡಿದರು. 1993ರ ಜನವರಿ 22ರಂದು ಅವರು ತೀರಿಕೊಂಡ ಬಳಿಕ ಅಪೂರ್ಣ ಕಾದಂಬರಿಯೊಂದು ಫ್ಲಾಪಿ ಡಿಸ್ಕಿನಲ್ಲಿ ಸಿಕ್ಕಿತು. ಮಾಚಿಯವರೂ ಅದೇ ವರ್ಷ ತೀರಿಕೊಂಡರು. ಮರುವರ್ಷ ನೊಬೆಲ್ ಪಡೆದ ಒಯೆ ಕೆಂಜಾಬುರೋ, ಆ ಗೌರವಕ್ಕೆ ತಮಗಿಂತ ಮೊದಲು ಅರ್ಹರಾಗಿದ್ದವರಲ್ಲಿ ಅಬೆಯ ಹೆಸರನ್ನೂ ಹೇಳಿದರು.

2024 ಅವರ ಜನ್ಮಶತಮಾನದ ವರ್ಷವಾಗಿತ್ತು. ನಮ್ಮಲ್ಲಿ ಅದು ಸದ್ದಿಲ್ಲದೆ ಕಳೆದುಹೋಯಿತು. ಶತಮಾನೋತ್ಸವಕ್ಕೆಂದೇ ನಾಟಕ ಆಡಬೇಕೆಂದಿಲ್ಲವಲ್ಲ. ಜಿಲ್ಲೆಯ ಹವ್ಯಾಸಿ ತಂಡಗಳು ಪ್ರತಿ ವರ್ಷ ಹೊಸ ನಾಟಕಕ್ಕಾಗಿ ಪರದಾಡುವುದನ್ನು ನಾನು ಬಲ್ಲೆ, ಹೆಂಗಸರ ಪಾತ್ರ ಕಡಿಮೆಯೆಂದು ಕಲಾವಿದೆಯರು ಬೇಸರಪಡುವುದನ್ನೂ ಕೇಳಿದ್ದೇನೆ. 'ಗೆಳೆಯರು' ನಾಟಕಕ್ಕೆ ಬೇಕಾದದ್ದು ಒಂದು ಕೋಣೆ, ಕೆಲವು ಸಾಮಾನು, ಅಜ್ಜಿಯಿಂದ ಹುಡುಗಿಯವರೆಗೆ ಎಲ್ಲ ವಯಸ್ಸಿನ ನಟನಟಿಯರು. ಇಂಗ್ಲಿಷಿನಲ್ಲಿ ಡೊನಾಲ್ಡ್ ಕೀನ್ ಮಾಡಿದ ಅನುವಾದವಿದೆ, ಅದರ ಸಂಭಾಷಣೆ ಸರಳವಾದ್ದರಿಂದ ಕನ್ನಡಕ್ಕೆ ತರುವುದು ಕಷ್ಟವಾಗಲಾರದು. ಜಪಾನೀ ಬಲ್ಲವರು ಮೂಲದೊಂದಿಗೆ ತಾಳೆ ನೋಡಿಕೊಟ್ಟರೆ ಇನ್ನೂ ಒಳ್ಳೆಯದು. ಹಕ್ಕುಸ್ವಾಮ್ಯ ಇನ್ನೂ ಜಾರಿಯಲ್ಲಿರುವುದರಿಂದ ಪ್ರಯೋಗಕ್ಕೆ ಮೊದಲು ಅನುಮತಿ ಪಡೆಯಬೇಕಾಗುತ್ತದೆ, ಅದನ್ನು ಉತ್ಸಾಹದ ಭರದಲ್ಲಿ ಮರೆಯಬಾರದು. ತಮ್ಮ ಪುರವಣಿಯ ಮುಂದಿನ ಸಂಚಿಕೆಗಳಲ್ಲಿ ಅಬೆಯ ನಾಟಕಗಳಿಗೆಂದು ಅರ್ಧ ಪುಟ ಮೀಸಲಿಟ್ಟು, 'ಗೆಳೆಯರು' ನಾಟಕದ ಮೊದಲ ದೃಶ್ಯದ ಸಾರವನ್ನಾದರೂ ಪ್ರಕಟಿಸಿದರೆ, ಮಳೆಗಾಲದಲ್ಲಿ ಪ್ರದರ್ಶನಗಳಿಲ್ಲದೆ ತಾಲೀಮಿಗೆ ಬಿಡುವಾಗಿರುವ ತಂಡಗಳ ಕೈಗೆ ಅದು ಸಕಾಲದಲ್ಲಿ ತಲುಪುತ್ತದೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಕಾರವಾರ